ಕೆನೆ ಕದಡದ ಮೊಸರು

ಅಡುಗೆ ಕಟ್ಟೆಯ ಮೇಲೊಂದು ಸ್ಟೀಲ್ ತಟ್ಟೆ. ಅದರಲ್ಲಿ ಸಣ್ಣಗೆ ಹೆಚ್ಚಿದ ಎಳೆ ಸೌತೆಕಾಯಿ, ಉಪ್ಪು ತಾಗಿ ಮೆಲ್ಲಗೆ ನೀರು ಬಿಟ್ಟಿತ್ತು. ಪಕ್ಕದಲ್ಲಿ ಎರಡು ಹಸಿಮೆಣಸಿನಕಾಯಿ, ಬೇರು ಕಿತ್ತ ಕೊತ್ತಂಬರಿ, ಎಣ್ಣೆ ಕಾಣದ ಒಗ್ಗರಣೆ ಸೌಟು. ರಾಮಕೃಷ್ಣನಗರದ ಭಾನುವಾರದ ಬಿಸಿಲು ಕಿಟಕಿಯಿಂದಿಳಿದು ಇವೆಲ್ಲದರ ಮೇಲೆ ಅವಸರವಿಲ್ಲದೆ ಕುಳಿತಿತ್ತು.

ಮೊಸರು ಬಜ್ಜಿಗೆ ಮೊಸರೇ ಇರಲಿಲ್ಲ, ಇದ್ದದ್ದು ಹುಳಿಯೆದ್ದಿತ್ತು.

"ಮೇಲಿದೆ ಸಾರ್, ತರ್ತೀನಿ. ನಾನೇ ಹೆಪ್ಪಾಕಿದ್ದು," ಎಂದಳು ಸಂಘಮಿತ್ರ.

ಮಹಡಿಯ ಬಾಡಿಗೆಮನೆಯ ಈ ಫಿಸಿಯೋಥೆರಪಿಸ್ಟ್ ಹುಡುಗಿ ಒಂದು ತಿಂಗಳಿಂದ ದಿನಾ ಕೆಳಗಿಳಿದು ಬಂದು ವಸಂತಮ್ಮನ ಮಂಡಿ ನೀವಿ, ಅವರನ್ನು ಮತ್ತೆ ನಡೆಸಿದ್ದಳು. ಆ ಋಣಕ್ಕೆಂದೇ ಇವತ್ತಿನ ಊಟ. ಜಾತಿ ಕೇಳದೆ ಮನೆ ಕೊಟ್ಟವನು ತಾನೆಂದು ವಸಂತಮ್ಮನ ಗಂಡ ಷಡಕ್ಷರಿಯವರು ವಾಕಿಂಗ್ ಗೆಳೆಯರೆದುರು ಎಷ್ಟೋ ಸಲ ಹೇಳಿಕೊಂಡಿದ್ದರು. ಅವಳ ಮನೆಯ ಗೋಡೆಯ ಬುದ್ಧನ ಪಟ ನೋಡಿ, ಕೇಳದೆಯೇ ತಿಳಿದುಕೊಂಡದ್ದನ್ನು ಮಾತ್ರ ಹೇಳಿರಲಿಲ್ಲ.

ಅವಳು ಮೇಲಿಂದ ತಂದ ಬಟ್ಟಲನ್ನು ಷಡಕ್ಷರಿಯವರ ಕೈಗಿತ್ತು ವಸಂತಮ್ಮನ ಬಳಿ ಹೋದಳು. ಗಟ್ಟಿ ಮೊಸರು, ಮೇಲೆ ಹಳದಿ ಕೆನೆ. ಷಡಕ್ಷರಿ ಚಮಚ ಎತ್ತಿದರು. ಚಮಚ ಇಳಿಯಲಿಲ್ಲ. ಅನ್ನ ಸಾರು ಹೇಗಾದರಾಗಲಿ, ಪರರ ಮನೆಯ ಹೆಪ್ಪು ಒಳಗೆ ಬರಬಾರದೆನ್ನುತ್ತಿದ್ದ ತಾಯಿ ತೀರಿ ಇಪ್ಪತ್ತು ವರ್ಷವಾಗಿತ್ತು. ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಬಟ್ಟಲನ್ನು ಸಿಂಕಿನ ಪಕ್ಕ, ಮಿಕ್ಸಿಯ ಹಿಂದೆ ಸರಿಸಿದರು.

"ಇಂಗು ಮುಗಿದಿದೆ, ಈಗ ಬಂದೆ."

"ಈಗೆಲ್ಲಿಗ್ರೀ? ಊಟದ ಹೊತ್ತಿಗೇ ಕಾಲು ಕಡಿಯುತ್ತೆ ಇವರಿಗೆ!" ಎಂದು ವಸಂತಮ್ಮ ನಕ್ಕರು.

ಹಾಲಿನ ಬೂತಿನಿಂದ ಅರ್ಧ ಲೀಟರ್ ಮೊಸರಿನ ಪ್ಯಾಕೆಟ್ ತಂದರು. ಅದು ಯಾರ ಮನೆಯ ಹಾಲು, ಯಾರ ಕೈಯ ಹೆಪ್ಪು ಎಂದು ಅವರ ಕೈ ಕೇಳಲಿಲ್ಲ. ಕಡೆದು, ಸೌತೆ ಬೆರೆಸಿ, ಸಾಸಿವೆ ಸಿಡಿಸಿದರು.

ಪಲಾವಿನ ಜೊತೆ ಮೂವರೂ ಉಂಡರು.

"ನನ್ ಮೊಸ್ರು ಎಂಗಿದೆ ಸಾರ್?"

"ಬೆಣ್ಣೆ ಕಣಮ್ಮ, ಬೆಣ್ಣೆ. ಇಂಥ ಮೊಸರು ನಮ್ಮನೇಲಿ ಯಾವತ್ತು ಆಗಿತ್ತು?"

"ನಮ್ಮಮ್ಮ ಬಸವಮ್ಮನ್ ಕೈ ಸಾರ್ ಅದು. ಹೆಪ್ಪು ಕೆಸರೆಯ ನಮ್ಮನೆಯಿಂದ ತಂದಿದ್ದು," ಎಂದು ಅವಳು ಅರಳಿದಳು.

ಆ ಮುಖ ನೋಡಲಾರದೆ ಷಡಕ್ಷರಿ ಇನ್ನೊಂದು ಸೌಟು ಬಡಿಸಿಕೊಂಡರು. ಅಷ್ಟರಲ್ಲಿ ಅವಳು, ಬೇಡವೆಂದರೂ ಕೇಳದೆ, ತಟ್ಟೆ ತೊಳೆಯಲು ಎದ್ದು ಒಳಗೆ ಹೋಗಿದ್ದಳು.

ನಲ್ಲಿಯ ಸದ್ದು ನಿಂತಿತು. ಹೊರಬಂದಾಗ ಅವಳ ಎರಡೂ ಕೈಯಲ್ಲಿ ಕೆನೆ ಕದಡದ ಬಟ್ಟಲು.

"ಅದು... ಮರೆತುಬಿಟ್ಟೆ ಕಣಮ್ಮ."

"ಮರ್ತು ಬೂತಿಗೋಗಿ ಬಂದ್ರಾ ಸಾರ್? ಪ್ಯಾಕೆಟ್ ಅಲ್ಲೇ ಬಿದ್ದಿದೆ."

ವಸಂತಮ್ಮ ಗಂಡನತ್ತ ತಿರುಗಿದರು. ಷಡಕ್ಷರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದರು.

"ಬೇಡ ಅಂದಿದ್ರೆ ತಗೊಂಡೋಗ್ತಿದ್ದೆ ಸಾರ್, ನಂಗೇನು ಹೊಸದಲ್ಲ," ಎಂದಳು ಸಂಘಮಿತ್ರ. ದನಿ ಏರಿರಲಿಲ್ಲ. "ಬೆಣ್ಣೆ ಅಂದ್ರಲ್ಲ. ನಾನು ನಂಬ್ಬುಟ್ಟೆ."

ಕ್ಷಮಿಸೆಂಬ ಮಾತನ್ನು ಅವರು ಹುಡುಕಿದರು. ಸಿಕ್ಕದ್ದೆಲ್ಲ ವಾಕಿಂಗಿನಲ್ಲಿ ಆಡಿ ಸವೆಸಿದ ಮಾತುಗಳೇ.

"ಅಮ್ಮ, ನಾಳೆ ಹತ್ತು ಗಂಟೆಗೆ ಬರ್ತೀನಿ. ಕಾಲು ಮಡಿಸ್ಕೊಂಡು ಕೂರ್ಬೇಡಿ."

ಅವಳು ಬಟ್ಟಲು ತುಳುಕದಂತೆ ಹೆಜ್ಜೆಯಿಟ್ಟಳು. ಷಡಕ್ಷರಿ ಎಂಜಲು ಕೈಯಲ್ಲೇ ಎದ್ದು ಎರಡು ಹೆಜ್ಜೆ ಹಿಂಬಾಲಿಸಿದರು. ಅವಳು ತಿರುಗಿ ನೋಡಲಿಲ್ಲ; ಹೊರಗಿನಿಂದ, ಮೆಲ್ಲಗೆ, ಬಾಗಿಲನ್ನು ಎಳೆದುಕೊಂಡಳು.