ದೂರು ಕೊಡೋಕೂ ಕಣ್ಣು ಬೇಕಂತೆ

ಅನುವಾದಕಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಉಚಿತ ತಂತ್ರಾಂಶವೇ ಅವಳ ಹೊಟ್ಟೆಪಾಡಿಗೆ ಆಧಾರ. ಅದನ್ನು ಕಟ್ಟಿದವರು ಎಲ್ಲೆಲ್ಲೋ ಕೂತು ಸಂಬಳವಿಲ್ಲದೆ ದುಡಿಯುವ ಜನ. ಅದು ತಪ್ಪು ಓದಿದಾಗಲೆಲ್ಲ ಅವಳು ಗುಂಪಿನ ವಿಳಾಸಕ್ಕೊಂದು ಇಮೇಲ್ ಹಾಕುತ್ತಿದ್ದಳು, ಯಾರಾದರೊಬ್ಬರು ಸರಿಮಾಡಿಕೊಡುತ್ತಿದ್ದರು.

ಹೊಸ ಆವೃತ್ತಿ ಬಂದದ್ದೇ ಬಂದದ್ದು, ಅಡಿಟಿಪ್ಪಣಿಗಳನ್ನೆಲ್ಲ ಓದದೆ ನುಂಗಿಹಾಕತೊಡಗಿತು. ಅವಳು ಎಂದಿನಂತೆ ಬರೆದಳು. ಕೂಡಲೇ ಯಂತ್ರದ ಉತ್ತರ: 'ಈ ಇಮೇಲ್ ವಿಳಾಸ ಮುಚ್ಚಿದೆ. ದೋಷಗಳನ್ನು ನಮ್ಮ ಹೊಸ ಜಾಲತಾಣದಲ್ಲೇ ದಾಖಲಿಸಿ.'

ಅಲ್ಲಿಗೂ ಹೋದಳು. ಖಾತೆ ತೆರೆಯಬೇಕಂತೆ. ಅದಕ್ಕೂ ಮುಂಚೆ, ತಾನು ಮನುಷ್ಯಳೆಂದು ಸಾಬೀತುಪಡಿಸಲು, ಯಾವ ಚಿತ್ರದಲ್ಲಿ ಬಸ್ಸಿದೆ ಎಂದು ಗುರುತಿಸಬೇಕಂತೆ.

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಬಿಡಕ್ಕ, ನಾನು ಒತ್ತಿಕೊಡ್ತೀನಿ," ಎಂದ, ಪಕ್ಕದಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದ ತಮ್ಮ.

"ಇವತ್ತು ಒತ್ತಿಕೊಡ್ತೀಯ. ನಾಳೆ ನೀನು ಕೆಲಸಕ್ಕೆ ಹೋದಾಗ? ಕುರುಡರಿಗೆ ಅಂತಾನೇ ಮಾಡಿದ ಸಾಮಾನು ಕಣೋ ಇದು. ಅದರ ಮೇಲೆ ದೂರು ಕೊಡೋಕೆ ಕಣ್ಣಿದ್ದೋರನ್ನ ಬಾಡಿಗೆಗೆ ತರಬೇಕಾ?"

ಶನಿವಾರ ಗುಂಪಿನವರೆಲ್ಲ ಫೋನಿನಲ್ಲಿ ಸೇರಿ ಮಾತಾಡುವ ರೂಢಿ. ಅವಳೂ ಸೇರಿಕೊಂಡು ಸಿಟ್ಟನ್ನೆಲ್ಲ ಹೊರಹಾಕಿದಳು. ತಂಡದ ಹಿರಿಯನಿಗೆ ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ಅವನು ಸಮಾಧಾನದಿಂದಲೇ ಹೇಳಿದ: "ಇಮೇಲಲ್ಲಿ ಯಾವ ದೂರು ಮುಗೀತು, ಯಾವುದು ಉಳೀತು ಅಂತಾನೇ ತಿಳೀತಿರಲಿಲ್ಲಮ್ಮ. ಒಂದೇ ದೋಷ ಹತ್ತು ಸಲ ಬರ್ತಿತ್ತು. ನಮ್ಮ ಕಷ್ಟಾನೂ ಸ್ವಲ್ಪ ನೋಡಿ."

"ನೋಡೋಕಾಗಲ್ವಲ್ಲ ಯಜಮಾನ್ರೇ, ಕೇಳಿಸ್ಕೊಂಡೆ. ನಿಮ್ಮ ಕಷ್ಟ ಸುಳ್ಳಲ್ಲ. ಈಗ ನಿಮ್ಮ ಪರದೆ ಆಫ್ ಮಾಡಿ, ನಮ್ಮ ತಂತ್ರಾಂಶ ಹಚ್ಕೊಂಡು, ಹೊಸಬರ ಹಾಗೆ ಒಂದು ದೂರು ದಾಖಲಿಸಿ. ಕಾಯ್ತೀವಿ."

ಅವನು ತೊಡಗಿದ. 'ಚಿತ್ರ. ಚಿತ್ರ. ಚಿತ್ರ,' ಎಂದು ಯಂತ್ರ ಒದರುವುದು ಎಲ್ಲರ ಕಿವಿಗೂ ಬಿತ್ತು. ಏನೋ ಒತ್ತಿದ, ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೆ ಸಣ್ಣ ದನಿಯಲ್ಲಿ, "ಆಗ್ತಿಲ್ಲ," ಎಂದ. "ಒಂದು ಕೆಲಸ ಮಾಡಿ, ನೀವು ನನ್ನ ಸ್ವಂತ ವಿಳಾಸಕ್ಕೇ ಬರೀರಿ."

"ಮುಂಬಾಗಿಲಿಗೆ ಬೀಗ ಜಡಿದು ನನಗೊಬ್ಬಳಿಗೆ ಹಿತ್ತಿಲ ದಾರಿ ತೋರಿಸ್ಬೇಡಿ," ಎಂದಳು ಅವಳು. "ಆ ಯಂತ್ರದ ಉತ್ತರ ಬಂದಮೇಲೆ ತೆಪ್ಪಗಾದೋರು ಇನ್ನೆಷ್ಟು ಜನರೋ."

ತಿಂಗಳು ಕಳೆಯುವಷ್ಟರಲ್ಲಿ ಹಳೆಯ ವಿಳಾಸ ಮತ್ತೆ ತೆರೆಯಿತು. ಅಲ್ಲಿಗೆ ಯಾರೇ ಬರೆದರೂ ಅದು ತಾನಾಗಿ ಜಾಲತಾಣದಲ್ಲಿ ದೂರಿನ ರೂಪದಲ್ಲಿ ದಾಖಲಾಗುತ್ತಿತ್ತು, ಉತ್ತರ ಇಮೇಲಿಗೇ ಬರುತ್ತಿತ್ತು. ಯಜಮಾನ ಕ್ಷಮೆಯನ್ನೂ ಕೇಳಿದ್ದ.

"ಈಗಾದ್ರೂ ಸಿಟ್ಟು ಇಳೀತಾ ಅಕ್ಕ?" ಎಂದು ತಮ್ಮ ಕೇಳಿದ.

"ಇಲ್ಲ ಕಣೋ. ಮುಚ್ಚೋ ಮುಂಚೆ ನಮ್ಮನ್ನ ಒಂದು ಮಾತು ಕೇಳಬಹುದಿತ್ತು," ಎಂದವಳು, ಅರ್ಧಕ್ಕೆ ನಿಂತಿದ್ದ ಅನುವಾದದ ಕಡೆ ತಿರುಗಿದಳು.