ಎದೆಮೂಳೆಯ ಗೆರೆ

ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಗಾಜಿನ ಈಚೆ ಕೂತು, ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಈಗ ಬಿಡಿ" ಎನ್ನುತ್ತ ಬಂದವಳಿಗೆ ಬೇರೆ ಯಾವ ಹೆಸರು ತಾನೆ ಹೊಂದೀತು? ಊರವರ ಹೃದಯದ ರಕ್ತನಾಳಗಳನ್ನೆಲ್ಲ ಅವಳು ಕಂಡಿದ್ದಳು. ಅಣ್ಣನದನ್ನು ಮಾತ್ರ ಕಂಡಿರಲಿಲ್ಲ.

ಅಣ್ಣ ಈಜು ಕಲಿಸುವ ಮೇಷ್ಟ್ರು. ಆರು ತಿಂಗಳಿಂದ ಕೊಳದ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತಿತ್ತು. "ಗ್ಯಾಸು ಕಣೇ" ಎಂದು ತಳ್ಳಿಹಾಕುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ನೋಡಿ, ತಂಗಿಯ ಮಾತು ಅವನ ಕಿವಿಗೇ ಬೀಳಲಿಲ್ಲ. ಮಾತೇ ಬಿಡುತ್ತೇನೆ ಎಂದು ಅವಳು ಹೆದರಿಸಿದ ಮೇಲೆ ಬಂದ. ನಾಲ್ಕು ಗಂಟೆಗೆ ಕ್ಲಾಸ್ ಇದೆ, ಬೇಗ ಮುಗಿಸು ಎಂದು ಬರುವಾಗಲೇ ತಾಕೀತು.

ನಾಡಿ ನಿಧಾನವಾಗಲು ಮಾತ್ರೆ ಕೊಟ್ಟಳು, ನಾಳ ಹಿಗ್ಗಲು ನಾಲಿಗೆಯಡಿ ಸ್ಪ್ರೇ ಹೊಡೆದಳು, ತೋಳಿಗೆ ಸೂಜಿ ಚುಚ್ಚಿದಳು.

"ಔಷಧಿ ಒಳಗೆ ಹೋದಾಗ ಮೈಯೆಲ್ಲ ಬಿಸಿ ಆಗತ್ತೆ, ಗಾಬರಿ ಬೇಡ. ಉಸಿರು ಮಾತ್ರ ಬಿಡ್ಬೇಡ."

"ಯಾರಿಗೆ ಹೇಳ್ತಿದೀಯ? ಮೀನಿಗೇ ಈಜು ಕಲಿಸ್ತೀಯಾ?"

ನಾಡಿ ಐವತ್ತಾರರಲ್ಲಿ ಒಂದೇ ಸಮ ಬಡಿಯುತ್ತಿತ್ತು. ಯಂತ್ರ ತಿರುಗಿತು, ಪರದೆಯ ಮೇಲೆ ಚಿತ್ರ ಮೂಡಿತು. ಎಡಗಡೆಯ ಮುಖ್ಯ ನಾಳ, ಹೃದಯದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ರಕ್ತ ಒಯ್ಯುವ ನಾಳ, ಹೊರಟ ಜಾಗದಲ್ಲೇ ತುಂಡಾದಂತಿತ್ತು. ನಡುವೆ ಕೂದಲೆಳೆಯಷ್ಟು ಬಿಳುಪು, ಅದರಾಚೆ ಮತ್ತೆ ನಾಳ.

ನಾಳ ಅಲ್ಲಿ ಬಹುತೇಕ ಕಟ್ಟಿಹೋಗಿದೆ ಎಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಮರುಗಳಿಗೆಯೇ ಮನಸ್ಸು ಒಂದು ದಾರಿ ಹುಡುಕಿಕೊಂಡಿತು. ಅಣ್ಣ ಉಸಿರು ಬಿಟ್ಟಿರಬೇಕು. ಮಧ್ಯೆ ಉಸಿರು ಬಿಟ್ಟರೆ ಚಿತ್ರ ಅಲುಗಿ, ಸರಿಯಿರುವ ನಾಳವೂ ತುಂಡಾದಂತೆ ಕಾಣುತ್ತದೆ. ಆದರೆ ಆಗ ಎದೆಮೂಳೆಯ ಅಂಚಿನ ಗೆರೆಯೂ ಚಿತ್ರದಲ್ಲಿ ಮುರಿದಂತೆ ಕಾಣಬೇಕು. ಅದನ್ನೊಮ್ಮೆ ನೋಡಿದರೆ ಸಂಶಯ ತೀರುತ್ತದೆ. ಹೊಸಬರಿಗೆ ಇದನ್ನೇ ಮೊದಲ ಪಾಠವಾಗಿ ಹೇಳಿಕೊಡುತ್ತಿದ್ದವಳು ಇಂದು ಆ ಚಿತ್ರವನ್ನು ತೆರೆಯಲೇ ಇಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಮ್ಮವರ ವಿಷಯ ಬಂದಾಗ ನಮ್ಮ ಜಾಣತನವೆಲ್ಲ ಎಲ್ಲಿ ಹೋಗಿ ಅಡಗುತ್ತದೋ! "ಚಿತ್ರ ಅಲುಗಿದೆ, ಮುಂದಿನ ವಾರ ಮತ್ತೆ ತೆಗೆಯಬೇಕು" ಎಂದು ಟೈಪು ಮಾಡಿದಳು. ಡಾಕ್ಟರಿಗೆ ಕಳಿಸುವುದಷ್ಟೇ ಬಾಕಿ.

ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಒಳಗೆ ಬಂದ. "ಏನಂತೆ?"

"ಏನಿಲ್ಲ. ನೀನು ಮಧ್ಯೆ ಉಸಿರು ಬಿಟ್ಟೆ, ಚಿತ್ರ ಕೆಟ್ಟೋಯ್ತು. ಮುಂದಿನ ವಾರ ಬಾ."

ಸುಮ್ಮನೆ ಹೋಗಿದ್ದರೆ ಅವನಿಗೆ ನಾಲ್ಕು ಗಂಟೆಯ ಕ್ಲಾಸು ಸಿಗುತ್ತಿತ್ತು. ಆದರೆ ಮಾತು ಅವನ ಮರ್ಮಕ್ಕೇ ತಗುಲಿತ್ತು.

"ನಾನಾ? ನಲವತ್ತು ವರ್ಷ ನೀರೊಳಗೆ ಮುಳುಗಿ ಎದ್ದವನು ಹತ್ತು ಸೆಕೆಂಡು ಹಿಡಿಯೋಕಾಗ್ದೆ ಬಿಟ್ಟೆನಾ? ಎಲ್ಲಿ ಬಿಟ್ಟಿದೀನಿ, ತೋರ್ಸು."

"ನಿಂಗೆ ಗೊತ್ತಾಗಲ್ಲ ಅಣ್ಣ."

"ಗೊತ್ತಾಗೋ ಹಾಗೆ ತೋರ್ಸು."

ಚಿಕ್ಕಂದಿನಲ್ಲಿ ತೊಟ್ಟಿಯಲ್ಲಿ ತಲೆ ಮುಳುಗಿಸಿ ಪಂತ ಕಟ್ಟುವಾಗಲೂ ಇದೇ ಹಠ. ಒಂದು ದಿನವೂ ಅವಳು ಗೆದ್ದಿರಲಿಲ್ಲ, ಒಂದು ದಿನವೂ ಅವನು ಮೋಸ ಮಾಡಿರಲಿಲ್ಲ. ಅದು ನೆನಪಾಗಿ ಅವಳ ಕೈ ತಾನಾಗಿ ಮೌಸಿನ ಮೇಲೆ ಹೋಯಿತು. ಎದೆಮೂಳೆ ಪರದೆಗೆ ಬಂತು. ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ, ಎಲ್ಲೂ ಮುರಿದಿರಲಿಲ್ಲ.

"ಉಸಿರು ಬಿಟ್ಟಿದ್ರೆ ಇದು ಮೆಟ್ಟಿಲು ಮೆಟ್ಟಿಲಾಗಿ ಇರ್ತಿತ್ತು," ಎಂದಳು.

ಅವನು ಬಗ್ಗಿ ನೋಡಿದ. ಮುಖ ಅರಳಿತು. "ಮತ್ತೆ? ಸ್ಕೇಲ್ ಇಟ್ಟು ಎಳೆದ ಹಾಗಿದೆ. ಗೆದ್ದೆ ನೋಡು!"

"ಹೂಂ ಅಣ್ಣ. ನೀನೇ ಗೆದ್ದೆ."

ಟೈಪು ಮಾಡಿದ್ದನ್ನು ಅಳಿಸಿದಳು. ಡಾಕ್ಟರಿಗೆ ಫೋನು ಮಾಡಿ, "ಎಡಗಡೆ ಮುಖ್ಯ ನಾಳ, ಸರ್. ಈಗಲೇ ಬನ್ನಿ," ಎಂದಳು. ಆಮೇಲೆ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದಳು.

"ಇದ್ಯಾರಿಗೆ?"

"ಕೂತ್ಕೋ. ಒಂದು ಹೆಜ್ಜೆನೂ ನಡೀಬೇಡ."

ಅವನು ಅವಳ ಮುಖ ನೋಡಿದ, ಪರದೆ ನೋಡಿದ, ಕೂತ. ಗೆದ್ದ ನಗು ಇನ್ನೂ ತುಟಿಯ ಮೇಲೇ ಇತ್ತು. ಮೆಲ್ಲಗೆ ಕೇಳಿದ: "ನಾನು ಉಸಿರು ಬಿಟ್ಟೆ ಅಂತ್ಲೇ ಬರೀಬೋದಿತ್ತಲ್ಲೇ?"

"ಬರೆದಿದ್ದೆ ಅಣ್ಣ," ಎಂದಳು ಉಸಿರಕ್ಕ. ಕುರ್ಚಿಯ ಹಿಂದೆ ನಿಂತಿದ್ದರಿಂದ ಅವಳು ಅಳುತ್ತಿದ್ದುದು ಅವನಿಗೆ ಕಾಣಲಿಲ್ಲ.