ಎಮ್ಮೆಲ್ಲೆ ಕೋನಪ್ಪನ ಮನೆಗೆ ಔಷಧಿ ಹೊಡೆದದ್ದು

ಎಮ್ಮೆಲ್ಲೆಯಾಗುವ ಮೊದಲು ಕೋನಪ್ಪ ಒಳ್ಳೆಯ ಮನುಷ್ಯನಾಗಿದ್ದ. ಹೊಟ್ಟೆಕಿಚ್ಚಿನಿಂದ ಈ ಮಾತು ಹೇಳುತ್ತಿಲ್ಲ. ನಾನು ಅವನ ಪಕ್ಕದ ಮನೆಯವನು. ನಮ್ಮಿಬ್ಬರ ಹಿಪ್ಪುನೇರಳೆ ತೋಟಗಳ ನಡುವೆ ಇರುವುದು ಒಂದೇ ಬದು. ಹೊಟ್ಟೆಕಿಚ್ಚು ಪಡಬೇಕೆಂದಿದ್ದರೆ ಬೇಕಾದಷ್ಟು ಪುರುಸೊತ್ತು ಇತ್ತು.

ನಮ್ಮದು ಸಾದಲಿ ಹೋಬಳಿಯ ಒಂದು ಹಳ್ಳಿ. ಇಲ್ಲಿ ಮನೆಗಳನ್ನು ಕಟ್ಟುವುದು ರೇಷ್ಮೆ ಹುಳುಗಳಿಗೆ. ಅವು ಬಿಟ್ಟುಕೊಟ್ಟ ಮೂಲೆಯಲ್ಲಿ ಜನ ಅಡುಗೆ ಮಾಡಿಕೊಂಡು ಮಲಗುತ್ತಾರೆ. ತಟ್ಟೆಗಳಲ್ಲಿ ಹುಳು ಇದ್ದಷ್ಟು ದಿನ ಹೊರಗಿನವರು ಯಾರೂ ಹೊಸಿಲು ದಾಟುವಂತಿಲ್ಲ. ಬೀಡಿ ಸೇದಿದವನು, ತಲೆಗೆ ವಾಸನೆಯೆಣ್ಣೆ ಹಚ್ಚಿಕೊಂಡವನು, ಕೆಟ್ಟ ಕಣ್ಣಿನವನು, ಯಾರಾದರೂ ಸರಿ, ಬಾಗಿಲಾಚೆಯೇ ನಿಂತು ಮಾತಾಡಿ ಹೋಗಬೇಕು. ಮಗಳ ಮಾವನೇ ಬಂದರೂ ಅಷ್ಟೆ. ಇದಕ್ಕೆ ಹೊರತಾದವನು ಕೋನಪ್ಪ ಒಬ್ಬನೇ. ಮೊಟ್ಟೆಯೊಡೆದ ಮರಿಗಳನ್ನು ಅವನ ಕೈಯಿಂದ ತಟ್ಟೆಗೆ ಇಳಿಸಿದರೆ ಬೆಳೆ ಕೈಕೊಡುವುದಿಲ್ಲವೆಂದು ಊರೂರಿನವರೂ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನೂ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹೋಗಿ ಇಳಿಸಿ ಬರುತ್ತಿದ್ದ. ಒಂದು ಲೋಟ ಮಜ್ಜಿಗೆ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ.

ಐವತ್ತೇಳರ ಚುನಾವಣೆಗೆ ಚಿಕ್ಕಬಳ್ಳಾಪುರದಿಂದ ಪಕ್ಷದ ಮುಖಂಡರು ಕಾರಿನಲ್ಲಿ ಬಂದರು. ಎಲ್ಲ ಜಾತಿಯವರ ಮನೆಯೊಳಗೂ ಹೋಗಬಲ್ಲ ಒಬ್ಬ ರೈತ ಅವರಿಗೆ ಬೇಕಾಗಿತ್ತು. ಊರು ಕೋನಪ್ಪನ ಕಡೆ ಬೆರಳು ತೋರಿಸಿತು.

"ಅಲ್ಲಿ ಹೋಗಿ ನಾನೇನ್ ಮಾಡ್ಬೇಕು ಸ್ವಾಮಿ?" ಎಂದು ಕೋನಪ್ಪ ಕೇಳಿದ.

"ಏನೂ ಮಾಡ್ಬೇಕಾಗಿಲ್ಲ ಕಣಪ್ಪ. ಕೈ ಎತ್ತು ಅಂದಾಗ ಎತ್ತು, ಸಾಕು," ಎಂದರು ಮುಖಂಡರು.

ಅವನು ಗೆದ್ದ. ನಾಲ್ಕು ವರ್ಷ ವಿಧಾನಸೌಧದಲ್ಲಿ ಕುಳಿತು, ಎತ್ತು ಎಂದಾಗಲೆಲ್ಲ ಎತ್ತಿದ. ಆ ವಿಷಯದಲ್ಲಿ ಯಾರೂ ಅವನ ಮೇಲೆ ತಪ್ಪು ಹೊರಿಸುವಂತಿಲ್ಲ.

ಬೆಂಗಳೂರಿನಿಂದ ಊರಿಗೆ ಬರುವಾಗ ಮಾತ್ರ ಅವನ ಮೈಯಿಂದ ಅತ್ತರು, ಸಿಗರೇಟು, ಪೌಡರು ಎಲ್ಲ ಒಟ್ಟಿಗೆ ಘಮ್ಮೆನ್ನುತ್ತಿದ್ದವು. ಅವನ ಹೆಂಡತಿ ಅಕ್ಕಯ್ಯಮ್ಮ ಬಾಗಿಲಿಗೆ ಅಡ್ಡ ನಿಂತು, "ಸ್ನಾನ ಮಾಡ್ಕೊಂಡು ಬಾ," ಎನ್ನುವಳು. ಊರಿಗೆ ಬಂದಾಗಲೆಲ್ಲ ಸ್ನಾನ ಮಾಡುವುದು ಜನಪ್ರತಿನಿಧಿಗೆ ತಕ್ಕದ್ದಲ್ಲವೆಂದೋ ಏನೋ, ಅವನು ಜಗಲಿಯ ಮೇಲೆ ಮಂಚ ಹಾಕಿಸಿಕೊಂಡು ಅಲ್ಲಿಯೇ ಉಳಿದುಬಿಟ್ಟ. ಯಾವುದೋ ಪತ್ರಿಕೆಯವನು ಇದನ್ನು ನೋಡಿ, ಜಗಲಿಯ ಮೇಲೆ ಮಲಗುವ ಸರಳ ಶಾಸಕ ಎಂದು ಫೋಟೋ ಸಮೇತ ಬರೆದ. ಕೋನಪ್ಪ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

ಅರವತ್ತೊಂದರಲ್ಲಿ ಚುನಾವಣೆ ಹತ್ತಿರವಾಯಿತು. ಒಂದು ಸಲವೂ ಬಾಯಿ ಬಿಡದ ಎಮ್ಮೆಲ್ಲೆಗೆ ಮತ್ತೆ ಟಿಕೆಟ್ಟು ಸಿಗುವುದಿಲ್ಲವೆಂದು ಯಾರೋ ಅವನನ್ನು ಹೆದರಿಸಿದರು. ಆಗ ಅವನು ಯಾರ ಕೈಯಿಂದಲೋ ಭಾಷಣ ಬರೆಸಿ ವಿಧಾನಸಭೆಯಲ್ಲಿ ಓದಿದ. ಮಲೇರಿಯಾ ತೊಲಗಬೇಕು, ನನ್ನ ಕ್ಷೇತ್ರದ ಒಂದು ಮನೆಯನ್ನೂ ಒಂದು ಮೂಲೆಯನ್ನೂ ಬಿಡದೆ ಡಿಡಿಟಿ ಹೊಡೆಯಬೇಕು, ಎನ್ನುವುದು ಅದರ ಸಾರಾಂಶ. ಮೇಜು ಕುಟ್ಟಿದರಂತೆ. ಸೊಳ್ಳೆ ಸಾಯಿಸುವ ಔಷಧಿ ರೇಷ್ಮೆ ಹುಳುವನ್ನೂ ಸಾಯಿಸುತ್ತದೆ ಎಂಬುದು ನಮ್ಮ ತಾಲ್ಲೂಕಿನಲ್ಲಿ ಎಲ್ಲರಿಗೂ ಗೊತ್ತು. ಕೋನಪ್ಪನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಓದುವಾಗ ಹೊಳೆಯಲಿಲ್ಲವಂತೆ.

ಹೊಳೆಯುವ ಹೊತ್ತಿಗೆ ಔಷಧಿಯ ಲಾರಿ ನಮ್ಮೂರ ಕೆರೆ ಏರಿಯ ಮೇಲೆ ನಿಂತಿತ್ತು. ಮನೆಮನೆಯಲ್ಲೂ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಬಕಬಕ ಸೊಪ್ಪು ತಿನ್ನುತ್ತಿದ್ದ ಕಾಲ. ಇನ್ನೊಂದು ವಾರದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ಹೆಂಗಸರು ಬಾಗಿಲು ಹಾಕಿಕೊಂಡರು. ಗಂಡಸರು ಲಾರಿಯ ಮುಂದೆ ನಿಂತು, ಮೊದಲು ಎಮ್ಮೆಲ್ಲೆ ಮನೆಗೆ ಹೊಡೀರಿ, ಆಮೇಲೆ ನಮ್ಮದು ನೋಡಣ ಎಂದರು. ಅದನ್ನು ಮೊದಲು ಹೇಳಿದವನು ನಾನೇ. ಒಳ್ಳೆಯ ಉಪಾಯವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನಮ್ಮ ಮನೆಯ ಪರಿಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಮಗಳು ಶ್ಯಾಮಲಮ್ಮನಿಗೆ ದಿನ ಬಿಟ್ಟು ದಿನ ಚಳಿಜ್ವರ. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಔಷಧಿ ಹೊಡೆದರೆ ಸೊಳ್ಳೆ ಹೋಗುತ್ತದೆ, ಮಗು ಉಳಿಯುತ್ತದೆ. ಹುಳು ಹೋದರೆ ಆ ವರ್ಷದ ಅನ್ನ ಹೋಗುತ್ತದೆ. ನನ್ನ ಹೆಂಡತಿ ಓಬಳಮ್ಮ ಇತ್ತ ಮಗುವಿನ ಹಣೆ ಮುಟ್ಟಿ ನೋಡುವಳು, ಅತ್ತ ತಟ್ಟೆಗೆ ಸೊಪ್ಪು ಹಾಕುವಳು. ಒಂದು ಹತ್ತು ದಿನ ತಡೀರಿ, ಗೂಡು ಬಿಡಿಸಿಕೊಳ್ಳಲಿ, ಆಮೇಲೆ ಹೊಡೀರಿ, ಎಂದು ಕೋನಪ್ಪ ಒಂದು ಮಾತು ಹೇಳಿದ್ದರೆ ಎರಡೂ ಉಳಿಯುತ್ತಿದ್ದವು. ಹೇಳುವಂತಿರಲಿಲ್ಲ. ಮೊದಲ ಮನೆಗೆ ಔಷಧಿ ಹೊಡೆಯುವುದನ್ನು ನೋಡಲು ಬರುವುದಾಗಿ ಮಂತ್ರಿಗಳು ದಿನ ಗೊತ್ತು ಮಾಡಿದ್ದರು. ಮಂತ್ರಿಗಳ ಪ್ರವಾಸವನ್ನು ಹುಳು ಹಣ್ಣಾಗುವುದಕ್ಕೆ ಹೊಂದಿಸಲಾಗುತ್ತದೆಯೇ?

ಕೋನಪ್ಪ ಹೆಂಡತಿಯ ಬಳಿಗೆ ಹೋದ. ನಮ್ಮ ಹಿತ್ತಿಲಿಗೆ ಎಲ್ಲ ಕೇಳಿಸುತ್ತಿತ್ತು.

"ಈ ಮನೇಲಿ ಒಂದ್ ಹುಳ ಸತ್ರೂ ನಾನು ಸುಮ್ನಿರಲ್ಲ," ಎಂದಳು ಅಕ್ಕಯ್ಯಮ್ಮ.

"ದೇವರಾಣೆಗೂ ಹುಳಕ್ಕೆ ಏನೂ ಆಗಲ್ಲ ಕಣೇ. ಇದು ಹೊಸಾ ಔಷಧಿ. ನನ್ನ ನಂಬು."

ಎಮ್ಮೆಲ್ಲೆಯಾದ ಮೇಲೆ ಅವನು ಇಟ್ಟ ಆಣೆಗಳಲ್ಲಿ ನಿಜವಾದದ್ದು ಇದೊಂದೇ. ಹುಳಕ್ಕೆ ಏನೂ ಆಗಲಿಲ್ಲ. ಪಂಪು ಹೊಡೆಯುವ ಮುನಿಶಾಮಿಯನ್ನು ಅವನು ಮೊದಲೇ ಕಂಡು, ತನ್ನ ಮನೆಯ ಸರದಿಗೆ ಪಂಪಿನಲ್ಲಿ ತೆಳ್ಳಗೆ ಕಲಸಿದ ಸುಣ್ಣದ ನೀರು ತುಂಬಿಸಿಟ್ಟಿದ್ದ. ಅದೂ ಬೆಳ್ಳಗೆ, ಇದೂ ಬೆಳ್ಳಗೆ. ಮಂತ್ರಿಗಳು ಮೂಗಿಗೆ ಕರವಸ್ತ್ರ ಹಿಡಿದು ದೂರದಲ್ಲಿ ನಿಂತರು, ಫೋಟೋ ತೆಗೆಸಿಕೊಂಡರು, ಕೋನಪ್ಪನ ಭುಜ ತಟ್ಟಿದರು, ತೊಂಡೇಬಾವಿಯಲ್ಲಿ ಇನ್ನೊಂದು ಸಭೆ ಇದೆಯೆಂದು ಹೊರಟರು.

ನಾಲ್ಕು ದಿನ ಕಳೆಯಿತು. ಅಕ್ಕಯ್ಯಮ್ಮನ ಹುಳು ತಿಂದು ತಿಂದು ಬೆರಳು ಗಾತ್ರವಾದವು. ಓಬಳಮ್ಮ ಬೇಲಿಯ ಬಳಿ ನಿಂತು ಕೇಳಿದಳು.

"ಏನಾದ್ರೂ ಆಯ್ತೇನಕ್ಕ?"

"ಏನೂ ಇಲ್ಲ ಕಣೇ. ಮೊದಲಿಗಿಂತ ಚೆನ್ನಾಗೇ ತಿಂತಾವೆ. ನೀನೂ ಹೊಡಿಸ್ಬಿಡು, ಮಗೂಗೆ ಜ್ವರನಾದ್ರೂ ಬಿಡ್ಲಿ," ಎಂದಳು ಅಕ್ಕಯ್ಯಮ್ಮ. ಅವಳು ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದೂ ಸುಳ್ಳಲ್ಲ.

ಓಬಳಮ್ಮ ಬಾಗಿಲು ತೆರೆದಳು. ಅವಳನ್ನು ನೋಡಿ ಬೀದಿಯೇ ಬಾಗಿಲು ತೆರೆಯಿತು. ಮುನಿಶಾಮಿ ನಮ್ಮ ಮನೆಗೆ ಬಂದಾಗ ಒಂದು ಗಳಿಗೆ ತಡೆದು ನಿಂತಿದ್ದ. ತಟ್ಟೆಗಳ ಕಡೆ ಒಮ್ಮೆ ನೋಡಿ, ಪಂಪು ಒತ್ತತೊಡಗಿದ. ಅವನಿಗೂ ಕೆಲಸ ಉಳಿಯಬೇಕಾಗಿತ್ತು.

ಮಧ್ಯಾಹ್ನವಾಗುವಷ್ಟರಲ್ಲಿ ಹುಳು ಸೊಪ್ಪು ಬಿಟ್ಟವು. ತಲೆ ಎತ್ತಿ ಅತ್ತಿತ್ತ ಆಡಿಸಿ, ಹಸಿರು ನೀರು ಕಕ್ಕಿ, ಒಂದರ ಮೇಲೊಂದು ಹೊರಳಿದವು. ಓಬಳಮ್ಮ ಹೊಸ ಸೊಪ್ಪು ತಂದು ಹಾಕಿದಳು, ಬೀಸಣಿಗೆಯಿಂದ ಗಾಳಿ ಹಾಕಿದಳು. ಹುಳು ಸಾಯುವಾಗ ಸದ್ದು ಮಾಡುವುದಿಲ್ಲ. ತಿನ್ನುವ ಸದ್ದು ನಿಂತಿತು, ಅಷ್ಟೆ. ನಾನು ಗಂಡಸು ಅಳಬಾರದೆಂದು ಹಿತ್ತಿಲಿಗೆ ಹೋಗಿ ಅತ್ತೆ. ಶಿಡ್ಲಘಟ್ಟದಿಂದ ಗೂಡಿನ ಮಾತಾಡಲು ಬಂದಿದ್ದ ನೂಲು ಬಿಚ್ಚುವ ಕರೀಂ ಸಾಬರು ತಟ್ಟೆ ನೋಡಿ, "ಯಾ ಅಲ್ಲಾ," ಎಂದು ನೆಲಕ್ಕೆ ಕುಳಿತುಬಿಟ್ಟರು. ಊರಿನ ಹುಳು ಸತ್ತರೆ ಅವರ ಒಲೆಯೂ ಉರಿಯದು.

ಅಕ್ಕಯ್ಯಮ್ಮ ಓಡಿ ಬಂದಳು. ಹೊಸಿಲು ದಾಟಿದವಳು ಹಾಗೇ ನಿಂತಳು.

"ಇದೇನೇ ಈ ವಾಸನೆ?"

"ಔಷಧೀದು ಅಕ್ಕ."

"ನಮ್ಮನೇಲಿ ಈ ವಾಸನೆ ಬರ್ಲಿಲ್ವಲ್ಲೇ," ಎಂದಳು. ಮನೆಗೆ ಹೋಗಿ ಗೋಡೆಯ ಮೇಲೆ ಅಂಗೈ ಒರೆಸಿ, ಮೂಸಿ ನೋಡಿದಳಂತೆ. ಎಲೆಯಡಿಕೆ ಹಾಕುವ ಹೆಂಗಸಿಗೆ ಸುಣ್ಣದ ಗುರುತು ಸಿಗದಿರುತ್ತದೆಯೇ?

ವಾರ ಕಳೆದು ಕೋನಪ್ಪ ಅರಳಿಕಟ್ಟೆಯ ಮೇಲೆ ಮೈಕು ಕಟ್ಟಿಸಿ ಸಭೆ ಕರೆದ. ಸುತ್ತಲ ಊರುಗಳಿಂದ ಜನ ಬಂದಿದ್ದರು. ಅಧಿಕಾರಿಗಳ ಅಜಾಗರೂಕತೆಯನ್ನು ಅವನು ಉಗ್ರವಾಗಿ ಖಂಡಿಸಿದ. ಪರಿಹಾರ ಕೊಡಿಸಲು ಸಮಿತಿ ಮಾಡಿ, ಅದಕ್ಕೆ ತಾನೇ ಅಧ್ಯಕ್ಷನಾದ. ಆಗ ಅಕ್ಕಯ್ಯಮ್ಮ ತಲೆಯ ಮೇಲೆ ಗೂಡು ತುಂಬಿದ ಮಂಕರಿ ಹೊತ್ತು ಬಂದಳು. ಹಿಂದೆ ಆಳುಗಳ ತಲೆಯ ಮೇಲೆ ಉಳಿದವು. ಎಲ್ಲವನ್ನೂ ಓಬಳಮ್ಮನ ಮುಂದೆ ಇಳಿಸಿದಳು.

"ಇದು ನಿಮ್ದು. ನಮ್ ಗೋಡೆಗೆ ಹೊಡ್ದಿದ್ದು ಸುಣ್ಣ. ನನಗೆ ಗೊತ್ತಿರ್ಲಿಲ್ಲ," ಎಂದಳು.

ಮುಂದಿನ ಸಾಲಿನವರಿಗೆ, ಅಂದರೆ ನಮ್ಮೂರಿನವರಿಗೆ, ಅದು ಕೇಳಿಸಿತು. ಹಿಂದಿನವರಿಗೆ ಕೇಳಿಸುವ ಮೊದಲೇ ಕೋನಪ್ಪ ಮೈಕಿಗೆ ಬಾಯಿಟ್ಟ. "ನನ್ನ ಧರ್ಮಪತ್ನಿ ತನ್ನ ಬೆಳೆಯನ್ನೆಲ್ಲ ನೊಂದವರಿಗೆ ದಾನ ಮಾಡಿದ್ದಾಳೆ ಮಹಾಜನಗಳೇ," ಎಂದ. ಮೈಕಿನ ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ. ಅದೇನು ನಟನೆಯೋ ಹೆದರಿಕೆಯೋ ಇವತ್ತಿಗೂ ನನಗೆ ತಿಳಿದಿಲ್ಲ. ಚಪ್ಪಾಳೆ ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ನಾವು ಚಪ್ಪಾಳೆ ತಟ್ಟಲಿಲ್ಲ. ಕೂಗಿ ಸತ್ಯ ಹೇಳಲೂ ಇಲ್ಲ, ಹೇಳಿದರೆ ಮೈಕಿಲ್ಲದವನ ಮಾತು ಯಾರಿಗೆ ಬೇಕು?

ಪತ್ರಿಕೆಗಳಲ್ಲಿ ಶಾಸಕರ ಪತ್ನಿಯ ತ್ಯಾಗವೆಂದು ಬಂತು. ನಮ್ಮೂರು ಅವನಿಗೆ ವೋಟು ಹಾಕಲಿಲ್ಲ. ಮಿಕ್ಕ ಊರುಗಳು ಕಣ್ಣೊರೆಸಿಕೊಂಡು ಹಾಕಿದವು. ಅರವತ್ತೆರಡರಲ್ಲಿ ಕೋನಪ್ಪ ಮೊದಲಿಗಿಂತ ದೊಡ್ಡ ಅಂತರದಲ್ಲಿ ಗೆದ್ದ. ಪರಿಹಾರ ಸಮಿತಿ ಇನ್ನೂ ಸಭೆ ಸೇರಬೇಕಾಗಿದೆ.

ಗೆದ್ದ ಕೆಲವು ದಿನಗಳಿಗೆ ಔಷಧಿಯ ಲಾರಿ ಎರಡನೇ ಸುತ್ತಿಗೆ ಬಂತು. ಊರೆಲ್ಲ ಚಿಲಕ ಹಾಕಿಕೊಂಡಿತು. ಅಕ್ಕಯ್ಯಮ್ಮ ಒಬ್ಬಳೇ ಬೀದಿಗೆ ಬಂದು ಮುನಿಶಾಮಿಯನ್ನು ಕರೆದಳು. ಅವಳ ತಟ್ಟೆಗಳೆಲ್ಲ ಆಗಲೇ ತೋಟದ ಅಂಚಿನಲ್ಲಿ ನಾವು ಎರಡು ಮನೆಯವರೂ ಸೇರಿ ಹಾಕಿದ್ದ ಹೊಸ ಗುಡಿಸಲಿಗೆ ಹೋಗಿದ್ದವು. ಶ್ಯಾಮಲಮ್ಮ ಅಲ್ಲಿ ಸೊಪ್ಪು ಹೆಚ್ಚುತ್ತಿದ್ದಳು. ಅವಳ ಜ್ವರ ಬಿಟ್ಟಿತ್ತು. ಔಷಧಿಯನ್ನು ನಾನು ಆ ಮಟ್ಟಿಗೆ ಬೈಯುವುದಿಲ್ಲ.

"ಈ ಸಲ ಲಾರೀಲಿರೋದನ್ನೇ ತುಂಬಪ್ಪ," ಎಂದಳು ಅಕ್ಕಯ್ಯಮ್ಮ.

ಮುನಿಶಾಮಿ ತಲೆ ತಗ್ಗಿಸಿ ತುಂಬಿದ. ನಡುಮನೆ, ಅಡುಗೆಮನೆ, ಅಟ್ಟ, ದೇವರ ಗೂಡು, ಕಟ್ಟು ಹಾಕಿಸಿದ ಫೋಟೋದ ಹಿಂದುಗಡೆ, ಅವಳು ಬೆರಳು ತೋರಿಸಿದಲ್ಲೆಲ್ಲ ಹೊಡೆದ. ಗೋಡೆಗಳಿಂದ ಔಷಧಿ ಇಳಿಯುತ್ತಿರುವಾಗ ಕೋನಪ್ಪನ ಮೆರವಣಿಗೆ ಬಂತು. ಕೊರಳ ತುಂಬ ಹಾರ. ಬಾಗಿಲಲ್ಲಿ ನಿಂತ ಹೆಂಡತಿಯನ್ನು ಕಂಡು, ರೂಢಿಯಂತೆ ಜಗಲಿಯ ಮೇಲೆ ಕೂರಲು ಹೋದ.

ಅಕ್ಕಯ್ಯಮ್ಮ ಬಟ್ಟೆಯ ಗಂಟು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

"ಒಳಕ್ಕೆ ಹೋಗು. ಇನ್ನು ಇಲ್ಲಿ ಹುಳ ಬದುಕಲ್ಲ. ನೀನು ಇರ್ಬೋದು."